ಒಂಬತ್ತು ಹಿಡಿಯದ ತಪ್ಪು

ಹಾರವಾಡದ ಗಣಪತಿ ತನ್ನ ದೋಣಿಯ ಅಪಾಯ ಸೂಚಿಸುವ ಯಂತ್ರದ ಸಂಖ್ಯೆಯನ್ನು ತಪ್ಪಾಗಿ ಓದಲಿಲ್ಲ. ಸರಿಯಾಗಿಯೇ ಓದಿದ. ತಪ್ಪಾಗಿ ಬರೆದವನು ನಾನು. ಅವನು ಸಮುದ್ರದಲ್ಲಿ ತೀರಿಹೋಗಿ ಎರಡು ವರ್ಷವಾಯಿತು. ಅಂಕಿ ಓದಲು ಬಾರದೆ ತನ್ನ ಸಾವನ್ನು ತಾನೇ ತಂದುಕೊಂಡ ಎಂಬ ಮಾತು ಹಾರವಾಡದಿಂದ ಬೇಲೆಕೇರಿಯ ತನಕ ಈಗಲೂ ಓಡಾಡುತ್ತಿದೆ. ಆ ಮಾತು ನಿಲ್ಲಬೇಕು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಗುಮಾಸ್ತರ ಕೆಲಸಕ್ಕೆ ಹೊಸದಾಗಿ ಸೇರುವವರು ಓದಿದರೆ ಅವರಿಗೂ ಉಪಯೋಗವಾದೀತು.

ನಾನು ಮೀನುಗಾರರ ಒಂದು ಸಂಘದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಗುಮಾಸ್ತನಾಗಿದ್ದೆ. ಸಂಘದ ಹೆಸರು ಬರೆಯುವುದಿಲ್ಲ, ಏಕೆಂದರೆ ತಪ್ಪು ಅದರದ್ದಲ್ಲ. ಓದಿದ್ದು ಹೈಸ್ಕೂಲಿನವರೆಗೆ. ಅಕ್ಷರ ದುಂಡಾಗಿತ್ತು ಎಂಬ ಕಾರಣಕ್ಕೆ ಕೆಲಸ ಸಿಕ್ಕಿತು. ದೋಣಿಗಳ ನೋಂದಣಿ ಸಂಖ್ಯೆ, ಇಂಜಿನ್ ಸಂಖ್ಯೆ, ದೋಣಿಯಲ್ಲಿ ಹೋಗುವವರ ಗುರುತಿನ ಚೀಟಿಯ ಸಂಖ್ಯೆ, ಇವುಗಳನ್ನು ಪುಸ್ತಕದಿಂದ ಪುಸ್ತಕಕ್ಕೆ ನಕಲು ಮಾಡುವುದೇ ನನ್ನ ಕೆಲಸ. ಹೊರಗಿನವರಿಗೆ ಇದು ಕೆಲಸವೆಂದೇ ಅನ್ನಿಸುವುದಿಲ್ಲ. ಆದರೆ ಹತ್ತು ಹನ್ನೆರಡು ಅಂಕಿಗಳ ಸಂಖ್ಯೆಯನ್ನು ದಿನಕ್ಕೆ ಐವತ್ತು ಸಲ ಬರೆದು ನೋಡಿ. ಮಧ್ಯಾಹ್ನದ ಹೊತ್ತಿಗೆ ಆರು ಸೊನ್ನೆಯಂತೆ ಕಾಣುತ್ತದೆ, ಮೂರು ಎಂಟಿನಂತೆ. ಮನೆಗೆ ಹೋಗಿ ಊಟಕ್ಕೆ ಕುಳಿತಾಗ, ಬರೆದದ್ದು ಸರಿಯಿತ್ತೋ ಇಲ್ಲವೋ ಎಂಬ ಹುಳ ತಲೆಯೊಳಗೆ ಹೊಗುತ್ತದೆ.

ಆ ಹುಳಕ್ಕೆ ಔಷಧ ಕೊಟ್ಟವರು ನನ್ನ ಮೇಲಿನವರಾದ ಹಿರಿಯ ಗುಮಾಸ್ತ ವಸಂತ ನಾಯ್ಕರು. ಸಂಖ್ಯೆ ಎಷ್ಟೇ ದೊಡ್ಡದಿರಲಿ, ಅದರ ಅಂಕಿಗಳನ್ನೆಲ್ಲ ಕೂಡಿಸು, ಬಂದದ್ದರ ಅಂಕಿಗಳನ್ನು ಮತ್ತೆ ಕೂಡಿಸು, ಒಂದೇ ಅಂಕಿ ಉಳಿಯುವ ತನಕ ಕೂಡಿಸು ಎಂದು ಅವರು ಕಲಿಸಿದರು. ಆ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿದರೆ ಉಳಿಯುವ ಶೇಷವೂ ಅದೇ. ಒಂಬತ್ತು ಬಂದರೆ ಶೇಷ ಇಲ್ಲ ಎಂದರ್ಥ. ಮೂಲದ ಶೇಷ, ನಕಲಿನ ಶೇಷ ಎರಡೂ ಒಂದೇ ಆದರೆ ಬರೆದದ್ದು ಸರಿ. ನಾಯ್ಕರು ಕೂಡಿಸುತ್ತಲೂ ಇರಲಿಲ್ಲ. ಒಂಬತ್ತು ಕಂಡರೆ ಬಿಟ್ಟುಬಿಡುತ್ತಿದ್ದರು, ನಾಲ್ಕು ಐದು ಜೊತೆ ಕಂಡರೆ ಅದನ್ನೂ ಬಿಡುತ್ತಿದ್ದರು, ಕೊನೆಗೆ ಉಳಿದದ್ದನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು. ಹನ್ನೆರಡು ಅಂಕಿಗಳ ಸಂಖ್ಯೆಗೆ ಅವರಿಗೆ ಬೇಕಾಗುತ್ತಿದ್ದದ್ದು ಒಂದು ಉಸಿರಿನ ಹೊತ್ತು.

ಒಂದು ಮಳೆಗಾಲ ಕಪಾಟಿಗೆ ಗೆದ್ದಲು ಹತ್ತಿತು. ಹಳೆಯ ಇಂಜಿನ್ ಪುಸ್ತಕದಲ್ಲಿ ಅಲ್ಲಲ್ಲಿ ತೂತುಗಳು. ಒಂದು ಸಂಖ್ಯೆಯಲ್ಲಿ ಒಂದೇ ಅಂಕಿ ಹೋಗಿದ್ದರೆ, ಅಂಚಿನ ಶೇಷ ನೋಡಿ ಹೋದ ಅಂಕಿಯನ್ನು ವಾಪಸು ತರಬಹುದಿತ್ತು. ಉಳಿದವುಗಳ ಶೇಷ ಮೂರು, ಅಂಚಿನಲ್ಲಿ ಏಳು ಇದ್ದರೆ, ಹೋದದ್ದು ನಾಲ್ಕು. ಹೀಗೆ ಇಪ್ಪತ್ತು ಚಿಲ್ಲರೆ ಸಂಖ್ಯೆಗಳನ್ನು ಗೆದ್ದಲಿನ ಹೊಟ್ಟೆಯಿಂದ ಹೊರತೆಗೆದೆ. ಬಹಳ ಹೆಮ್ಮೆಯಾಗಿತ್ತು. ಒಂದು ಕಡೆ ಮಾತ್ರ ಉಳಿದವುಗಳ ಶೇಷವೂ ಅಂಚಿನ ಶೇಷವೂ ಎರಡೂ ಐದೇ ಬಂದವು. ಹೋದದ್ದು ಸೊನ್ನೆ ಎಂದು ಬರೆಯಲು ಹೊರಟೆ. ನಾಯ್ಕರು ಪೆನ್ನು ಕಸಿದುಕೊಂಡರು.

“ಒಂಬತ್ತೂ ಇರಬಹುದಲ್ಲ ಮಾರಾಯಾ. ಸೊನ್ನೆ ಕೂಡ್ಸಿದ್ರೂ ಅಷ್ಟೇ, ಒಂಬತ್ತು ಕೂಡ್ಸಿದ್ರೂ ಅಷ್ಟೇ. ಇದು ಪುಸ್ತಕದಾಗೆ ಗೊತ್ತಾಗೂದಿಲ್ಲ. ಹಾರವಾಡಕ್ಕೆ ಹೋಗು, ಇಂಜಿನ್ ನೋಡ್ಕಂಡು ಬಾ.”

ಬಸ್ಸು ಹೋಗಿಯಾಗಿತ್ತು. ಬಾಡಿಗೆ ಸೈಕಲ್ ತುಳಿದುಕೊಂಡು ಹೋದೆ. ದೋಣಿಯೊಳಗೆ ಇಳಿದು ಎಣ್ಣೆಗಪ್ಪು ಒರೆಸಿ ನೋಡಿದರೆ ಒಂಬತ್ತು ಇತ್ತು. ಹೋಗುವಾಗ ದಾರಿಯುದ್ದಕ್ಕೂ ನಾಯ್ಕರನ್ನು ಬೈದುಕೊಂಡಿದ್ದೆ. ಬರುವಾಗ ಬೈಯಲಿಲ್ಲ.

ನಾಯ್ಕರ ಇನ್ನೊಂದು ಕಟ್ಟಳೆಯಿತ್ತು. ಸಂಖ್ಯೆಯನ್ನು ಯಾರು ಓದಿದರೂ ಒಂದೊಂದೇ ಅಂಕಿಯಾಗಿ ಓದಬೇಕು. ನಾಲ್ಕು, ಏಳು. ನಲವತ್ತೇಳು ಎನ್ನಕೂಡದು. ನಮ್ಮ ಅವರ್ಸಾ ಕಡೆಯ ಮನೆಗಳಲ್ಲಿ ಕನ್ನಡ, ದೋಣಿಯವರ ಮನೆಗಳಲ್ಲಿ ಕೊಂಕಣಿ. ಕನ್ನಡದಲ್ಲಿ ಹತ್ತರ ಸ್ಥಾನ ಮೊದಲು ಬರುತ್ತದೆ. ಕೊಂಕಣಿಯಲ್ಲಿ ಬಿಡಿ ಸ್ಥಾನ ಮೊದಲು, ಸತ್ತೇಚಾಳೀಸ್ ಎಂದರೆ ಏಳು ಮೊದಲು, ನಲವತ್ತು ಆಮೇಲೆ. ಕೊಂಕಣಿಯಲ್ಲಿ ಓದಿದ್ದನ್ನು ಕೇಳುತ್ತ ಕೇಳುತ್ತ ಬರೆಯುವ ಕೈ ಏಳನ್ನೇ ಮೊದಲು ಬರೆದುಬಿಡುತ್ತದೆ. ಕಿವಿ ಸರಿಯೇ ಇರುತ್ತದೆ, ಕೈ ತಪ್ಪುತ್ತದೆ. ಕಾರವಾರ, ಅಂಕೋಲೆಯ ಗುಮಾಸ್ತರಿಗೆ ಇದು ಹೊಸದಲ್ಲ. ನಾಯ್ಕರು ಇರುವ ತನಕ ಕಟ್ಟಳೆ ಇತ್ತು. ಅವರು ನಿವೃತ್ತರಾದ ಮೇಲೆ, ಇಷ್ಟು ವರ್ಷದ ಅನುಭವವಿದೆ ಎಂಬ ಧೈರ್ಯದಲ್ಲಿ ನಾನೇ ಅದನ್ನು ಸಡಿಲ ಮಾಡಿದೆ.

ನನ್ನ ನಿವೃತ್ತಿಗೆ ಕೆಲವು ತಿಂಗಳಿರುವಾಗ ದೋಣಿಗಳಿಗೆ ಅಪಾಯ ಸೂಚಿಸುವ ಯಂತ್ರ ಬಂತು. ನಮ್ಮವರು ಅದಕ್ಕೆ ಬಟನ್ ಪೆಟ್ಟಿಗೆ ಎಂದು ಹೆಸರಿಟ್ಟರು. ಸಮುದ್ರದಲ್ಲಿ ಕಷ್ಟಕ್ಕೆ ಸಿಕ್ಕಿದಾಗ ಬಟನ್ ಒತ್ತಿದರೆ ಆ ಪೆಟ್ಟಿಗೆಯ ಸಂಖ್ಯೆ ದಡದ ನಿಯಂತ್ರಣ ಕೊಠಡಿಗೆ ಹೋಗುತ್ತದೆ, ದೋಣಿ ಇರುವ ಜಾಗ ಹೋಗುವುದಿಲ್ಲ. ಅಲ್ಲಿನವರು ನಾವು ಕೊಟ್ಟ ಪಟ್ಟಿ ನೋಡಿ ಇದು ಇಂಥವರ ದೋಣಿ ಎಂದು ತಿಳಿದು ಹುಡುಕಲು ಹೊರಡುತ್ತಾರೆ. ಅಂದರೆ ಬಟನ್ ಒತ್ತಿದವನಿಗೂ ದಡಕ್ಕೂ ನಡುವೆ ಇರುವುದು ಒಂದು ಸಂಖ್ಯೆ, ಮತ್ತು ಆ ಸಂಖ್ಯೆಯನ್ನು ಬರೆದವನು.

ಬಂದದ್ದು ನಲವತ್ತು ಪೆಟ್ಟಿಗೆ. ಹನ್ನೆರಡು ಅಂಕಿಗಳ ಸಂಖ್ಯೆ. ಮೊದಲ ಹತ್ತು ಅಂಕಿ ಎಲ್ಲದಕ್ಕೂ ಒಂದೇ, 3085149626. ಕೊನೆಯ ಎರಡು ಮಾತ್ರ ನಲವತ್ತರಿಂದ ಎಪ್ಪತ್ತೊಂಬತ್ತರ ತನಕ. ಪೂರ್ತಿ ಓದಲು ಹೊರಟರೆ ಮೂವತ್ತು ಸಾವಿರದ ಎಂಟುನೂರ ಐವತ್ತೊಂದು ಕೋಟಿ ಎಂದು ಶುರುವಾಗುತ್ತದೆ, ದೋಣಿಯವರು ನಗುತ್ತಿದ್ದರು. ಕೊನೆಯ ಎರಡನ್ನು ಓದಿದರೆ ಸಾಕು ಎಂದೆ. ಹಿಂದಿನ ದಿನವೇ ಪ್ರತಿ ಪೆಟ್ಟಿಗೆಯ ಸಂಖ್ಯೆ ಕೊರೆದ ತಗಡನ್ನು ನೋಡಿ ಒಂಬತ್ತರ ಶೇಷವನ್ನು ಮುಚ್ಚಳದ ಮೇಲೆ ಪೆನ್ಸಿಲಿನಿಂದ ಬರೆದಿಟ್ಟಿದ್ದೆ. ಪುಸ್ತಕದಲ್ಲಿ ಬರೆದ ಮೇಲೆ ಅದಕ್ಕೆ ತಾಳೆ ನೋಡಿದರೆ ಮುಗಿಯಿತು ಎಂದುಕೊಂಡೆ.

ಮೊದಲ ದಿನ ಬೆಳಿಗ್ಗೆ ‘ಸಾತೇರಿ ಕೃಪಾ’ ದೋಣಿಯವರು ಬಂದರು. ಅಣ್ಣ ಉಮಾಕಾಂತ ಆ ದೋಣಿಯ ತಾಂಡೇಲ, ಅಂದರೆ ಮುಖ್ಯಸ್ಥ. ತಮ್ಮ ಗಣಪತಿ ಬಲೆಯ ಕೆಲಸದವನು. ಮೂವತ್ತರ ಆಸುಪಾಸಿನ, ನಗುಮುಖದ ಮನುಷ್ಯ. ಅವನೇ ಪೆಟ್ಟಿಗೆ ಎತ್ತಿಕೊಂಡು ತಗಡು ನೋಡಿ, “ಸತ್ತೇಚಾಳೀಸ್, ಗುಮಾಸ್ತರೆ. ನನ್ನ ಹೆಂಡ್ತಿ ಫೋನ್ ನಂಬರಿಗಿಂತ ಉದ್ದ ಉಂಟು ಇದು, ನೆನಪಿಟ್ಕಳ್ಳೂಕೆ ಹೇಳ್ಬೇಡಿ,” ಎಂದ. ನಾನು ನಕ್ಕೆ. ನಗುತ್ತಲೇ 74 ಎಂದು ಬರೆದೆ. ಅಂಕಿ ಕೂಡಿಸಿದರೆ ಐವತ್ತೈದು, ಐದೂ ಐದೂ ಹತ್ತು, ಕೊನೆಗೆ ಒಂದು. ಮುಚ್ಚಳದ ಮೇಲೂ ಒಂದು. ಸರಿ ಎಂದು ಗೀಟು ಹಾಕಿದೆ. ಅವರು ಅವತ್ತೇ ಸಮುದ್ರಕ್ಕೆ ಹೋದರು.

ಮೂರನೆಯ ದಿನ ಕೊನೆಯ ಪೆಟ್ಟಿಗೆ ಉಳಿದಿತ್ತು. ಅದು ಬೇಲೆಕೇರಿಯ ಪಾಂಡುವಿನ ‘ಜಲದುರ್ಗಾ’ ದೋಣಿಗೆ. ತಗಡಿನ ಮೇಲೆ 74 ಇತ್ತು. ಪುಸ್ತಕದಲ್ಲಿ 74 ಆಗಲೇ ಸಾತೇರಿ ಕೃಪಾದ ಮುಂದೆ ಕೂತಿತ್ತು. ಬಂದ ಪೆಟ್ಟಿಗೆಗಳ ಪಟ್ಟಿಯಲ್ಲಿ ಗೀಟು ಬೀಳದೆ ಉಳಿದದ್ದು 47 ಒಂದೇ.

ಆಗಲೇ ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಾಂಡು ಮೇಜು ಬಡಿಯುತ್ತಿದ್ದ.

“ಎಂತ ಗುಮಾಸ್ತರೆ, ಜಾತಕ ನೋಡ್ತ್ರಾ? ನೀರು ಇಳೀತದೆ. ದೋಣಿ ಕೆಸರಾಗೆ ಕೂತ್ರೆ ನೀವೇ ಬಂದು ದೂಡ್ಬೇಕು ಮತ್ತೆ.”

ಒಳಗಿನಿಂದ ಕಾರ್ಯದರ್ಶಿ ಪಟ್ಟಿ ಇವತ್ತೇ ಕಾರವಾರಕ್ಕೆ ಹೋಗಬೇಕು ಎಂದು ಕೂಗಿದರು. ನಾನು ಮಾಡಬೇಕಾದದ್ದು ಇಷ್ಟೇ. ಪಾಂಡುವಿನ ಮುಂದೆ 74 ಎಂದು ಬರೆದು, ಸಾತೇರಿ ಕೃಪಾ ವಾಪಸು ಬಂದ ಮೇಲೆ ಅದರ ತಗಡು ನೋಡಿ ತಿದ್ದುತ್ತೇನೆ, ಅಲ್ಲಿಯ ತನಕ ಪಟ್ಟಿ ಕಳಿಸಬೇಡಿ ಎನ್ನಬೇಕಿತ್ತು. ಹಾಗೆನ್ನಲು ಕೆಲಸದಲ್ಲಿ ತಪ್ಪಿದ್ದೇನೆ ಎಂದು ಒಪ್ಪಬೇಕಾಗುತ್ತಿತ್ತು. ಮುಚ್ಚಳ ನೋಡಿದೆ, ಶೇಷ ಒಂದು. 47ಕ್ಕೂ ಶೇಷ ಒಂದೇ. ಒಂಬತ್ತೇ ಸರಿ ಎನ್ನುತ್ತಿದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಕಣ್ಣು 74 ನೋಡುತ್ತಿತ್ತು. ಪಾಂಡುವಿನ ಹೆಸರಿನ ಮುಂದೆ ಮೊದಲು 7 ಎಂದು ಬರೆದೆ, ಅದನ್ನು ಹೊಡೆದು 47 ಮಾಡಿದೆ. ಪಟ್ಟಿ ಹೋಯಿತು.

ಅಂದಿನಿಂದ ನಿದ್ದೆ ಹೋಯಿತು. ಬಂದರಿನ ಕಡೆಯಿಂದ ಯಾರಾದರೂ ಜೋರಾಗಿ ಮಾತಾಡಿದರೆ ಎದ್ದು ಕಿಟಕಿಗೆ ಹೋಗಿ ನೋಡುತ್ತಿದ್ದೆ. ಸಾತೇರಿ ಕೃಪಾ ದಡಕ್ಕೆ ಬಂದ ಒಂದು ದಿನ ಧೈರ್ಯ ಮಾಡಿ ಕಚೇರಿಯೆದುರಿನ ಬೇಲೆಕೇರಿ ಧಕ್ಕೆಗೆ, ಅಂದರೆ ದೋಣಿ ಕಟ್ಟುವ ಕಟ್ಟೆಗೆ, ಹೋದೆ. ಪೆಟ್ಟಿಗೆಯನ್ನು ದೋಣಿಯ ಮಾಡಿನ ಮೇಲೆ ಕಬ್ಬಿಣದ ಪಟ್ಟಿ ಹೊಡೆದು ಕೂರಿಸಿದ್ದರು. ನೋಡಬೇಕೆಂದರೆ ಕಾರಣ ಹೇಳಬೇಕು. ಗಣಪತಿ ಮೇಲಿನಿಂದ ಕೈ ಚಾಚಿ, “ಹತ್ತಿ ಗುಮಾಸ್ತರೆ, ಬಿದ್ರೆ ನಾವು ಬಲೆ ಹಾಕಿ ತೆಗೀತ್ರು,” ಎಂದ. ಹೀಗೇ ಬಂದಿದ್ದೆ ಎಂದು ಹೇಳಿ ಚಾ ಕುಡಿದು ವಾಪಸು ಬಂದೆ.

ಆ ಹೊತ್ತಿಗೆ ಸಂಘಕ್ಕೆ ಕಂಪ್ಯೂಟರ್ ಬಂದಿತ್ತು, ಜೊತೆಗೆ ಸ್ನೇಹಾ. ಕಾರವಾರದ ಹುಡುಗಿ, ತಂದೆ ಕೈಗಾದಲ್ಲಿ ಕೆಲಸಕ್ಕಿದ್ದರು, ಬಿ.ಎಸ್ಸಿ. ಗಣಿತ ಓದಿದವಳು. ನನ್ನನ್ನು ಕಾಕಾ ಎನ್ನುತ್ತಿದ್ದಳು. ಅಂಚಿನ ಶೇಷಗಳನ್ನು ನೋಡಿ ಅವಳಿಗೆ ಖುಷಿಯಾಯಿತು. ಆದರೆ ಕಾಕಾ, ಅಂಕಿ ಹಿಂದು ಮುಂದಾದರೆ ಒಂಬತ್ತಿಗೆ ಗೊತ್ತಾಗುವುದಿಲ್ಲವಲ್ಲ ಎಂದಳು. ಕೂಡಿಸುವಾಗ ಯಾವುದು ಮೊದಲು ಎಂಬ ಪ್ರಶ್ನೆಯೇ ಇಲ್ಲ. ಪಕ್ಕಪಕ್ಕದ ಯಾವ ಎರಡು ಅಂಕಿ ಅದಲುಬದಲಾದರೂ ಎರಡು ಸಂಖ್ಯೆಗಳ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಬಹುದು. ಎಪ್ಪತ್ನಾಲ್ಕರಲ್ಲಿ ನಲವತ್ತೇಳು ಕಳೆದರೆ ಇಪ್ಪತ್ತೇಳು. ಅವಳು ಉದಾಹರಣೆಗೆ ಅದೇ ಎರಡು ಸಂಖ್ಯೆಗಳನ್ನು ಏಕೆ ತೆಗೆದುಕೊಂಡಳೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹನ್ನೊಂದರಿಂದ ನೋಡಬೇಕು ಎಂದಳು. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿ ಕೂಡಿಸಬೇಕು, ಬಿಟ್ಟವುಗಳನ್ನು ಬೇರೆ ಕೂಡಿಸಬೇಕು, ಮೊದಲಿನದರಲ್ಲಿ ಎರಡನೆಯದನ್ನು ಕಳೆಯಬೇಕು. ಸಾಲದೆ ಬಂದರೆ ಹನ್ನೊಂದು ಸೇರಿಸಬೇಕು. 308514962647ಕ್ಕೆ ಇಪ್ಪತ್ತೆಂಟು, ಇಪ್ಪತ್ತೇಳು, ಉಳಿದದ್ದು ಒಂದು. ಕೊನೆಗೆ 74 ಮಾಡಿದರೆ ಇಪ್ಪತ್ತೈದು, ಮೂವತ್ತು, ಉಳಿಯುವುದು ಆರು. ಜಾಗ ಬದಲಾದದ್ದು ಹನ್ನೊಂದಕ್ಕೆ ತಕ್ಷಣ ಗೊತ್ತಾಗುತ್ತದೆ. ಹೊಸಬರೇ, ಇದನ್ನು ಕಲಿಯಿರಿ. ಈಗಿನ ಕಂಪ್ಯೂಟರಿನಲ್ಲಿ ಕೊನೆಯ ಅಂಕಿಯನ್ನೇ ಕಾವಲಿಗೆ ಇಟ್ಟಿರುವ ಸಂಖ್ಯೆಗಳು ಬಂದಿವೆ, ತಪ್ಪು ಬರೆದರೆ ಅದು ತೆಗೆದುಕೊಳ್ಳುವುದೇ ಇಲ್ಲ. ನಮ್ಮ ಪೆಟ್ಟಿಗೆಗಳಿಗೆ ಅಂಥ ಕಾವಲು ಇರಲಿಲ್ಲ. ಎರಡೂ ನಿಜವಾದ ಸಂಖ್ಯೆಗಳೇ ಆದ್ದರಿಂದ ಕಂಪ್ಯೂಟರ್ ಎರಡನ್ನೂ ಸುಮ್ಮನೆ ನುಂಗಿತು.

“ಇಲ್ಲಿ ಏಳು ಬರ್ದು ಹೊಡ್ದಿದ್ರಲ್ಲ ಕಾಕಾ, ಯಾಕೆ?” ಎಂದು ಪಾಂಡುವಿನ ಸಾಲನ್ನು ತೋರಿಸಿದಳು.

ಶಾಯಿ ಹರಡಿತ್ತು ಎಂದೆ. ಅವಳು ನಂಬಿದಳು.

ಆರು ವಾರ ಕಳೆದಿರಬೇಕು. ಗಾಳಿ ಎದ್ದ ಒಂದು ಮಧ್ಯಾಹ್ನ, ಮೂರು ಗಂಟೆ ದಾಟಿತ್ತು, ನಿಯಂತ್ರಣ ಕೊಠಡಿಯಿಂದ ಫೋನು ಬಂತು. ಜಲದುರ್ಗಾ ದೋಣಿಯ ಬಟನ್ ಒತ್ತಿದ್ದಾರೆ, ಪಾಂಡುವಿಗೆ ಫೋನು ಮಾಡಿದರೆ ಬೇಲೆಕೇರಿಯಲ್ಲಿ ಬಲೆ ಹೊಲಿಯುತ್ತ ಕೂತಿದ್ದೇನೆ ಎನ್ನುತ್ತಾನೆ, ದೋಣಿ ದಡದಲ್ಲೇ ಇರುವುದು ನಿಜವೇ ಎಂದು ಕೇಳಿದರು. ಅದಕ್ಕೆ ಮೊದಲು ಅಂಥ ಸುಳ್ಳು ಕರೆ ಎಷ್ಟೋ ಆಗಿದ್ದವು. ಪೆಟ್ಟಿಗೆಗೆ ಏನಾದರೂ ತಾಗಿ ಬಟನ್ ಒತ್ತಿಹೋಗುತ್ತಿತ್ತು. ಕಿಟಕಿಯಿಂದ ನೋಡಿದರೆ ಜಲದುರ್ಗಾ ಕಟ್ಟಿ ನಿಂತದ್ದು ಕಾಣುತ್ತಿತ್ತು.

“ದಡದಲ್ಲೇ ಇದೆ,” ಎಂದೆ. ಅವರು ಫೋನು ಇಟ್ಟರು.

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬಟನ್ ಒತ್ತಿದವರು ಸಾತೇರಿ ಕೃಪಾದವರು ಎಂಬುದು ಆ ಕ್ಷಣಕ್ಕೇ ನನಗೆ ಗೊತ್ತಿತ್ತು. ಆದರೂ ಬಾಯಿ ಬರಲಿಲ್ಲ. ಉಮಾಕಾಂತನ ಮೊಬೈಲಿಗೆ ಫೋನು ಮಾಡಿದೆ, ಸಿಗಲಿಲ್ಲ. ಮತ್ತೆ ಮಾಡಿದೆ. ಧಕ್ಕೆಗೆ ನಡೆದು ಹೋಗಿ ಸಾತೇರಿ ಕೃಪಾ ಬಂತೇ ಎಂದು ಮೀನು ಆಯುವ ಹೆಂಗಸರನ್ನು ಕೇಳಿದೆ. ಅದರ ಜೊತೆ ಹೋದ ದೋಣಿಗಳು ಬಂದಿವೆ, ಅದು ಬಂದಿಲ್ಲ ಎಂದರು. ಗಾಳಿಗೆ ಹಿಂದೆ ಉಳಿದಿರಬೇಕು, ಈಗ ಬರುತ್ತದೆ ಎಂದುಕೊಂಡೆ. ಕಚೇರಿಗೆ ಬಂದು ಕುರ್ಚಿಯಲ್ಲಿ ಕೂತೆ. ಎದ್ದೆ. ಮತ್ತೆ ಧಕ್ಕೆಗೆ ಹೋದೆ. ಅಳಿವೆಯ ಬಾಯಲ್ಲಿ ಬರುತ್ತಿದ್ದ ಒಂದೊಂದು ದೋಣಿಯೂ ಅದೇ ಎನ್ನಿಸುತ್ತಿತ್ತು, ಹತ್ತಿರ ಬಂದರೆ ಬೇರೆ. ನಿವೃತ್ತಿಗೆ ಎರಡು ತಿಂಗಳಿತ್ತು. ನಾಚಿಕೆ ಎಂಬುದು ಮನುಷ್ಯನನ್ನು ಎಷ್ಟು ಹೊತ್ತು ಕಟ್ಟಿಹಾಕಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಅವತ್ತು ಎರಡು ತಾಸು ಕಟ್ಟಿಹಾಕಿತು.

ಐದು ಗಂಟೆ ದಾಟಿದ ಮೇಲೆ ಸ್ನೇಹಾ ಮನೆಗೆ ಹೊರಟು ಬ್ಯಾಗು ಹೆಗಲಿಗೇರಿಸಿದ್ದಳು. ಆಗ ಹೇಳಿದೆ. ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸಲೂ ಇಲ್ಲ, ಫೋನು ಹಚ್ಚಿದಳು. ಸಂಖ್ಯೆ ಅದಲುಬದಲಾಗಿದೆ, ಅದು ಸಾತೇರಿ ಕೃಪಾ, ಐದು ಜನ ಇದ್ದಾರೆ, ಬಲೆ ಹಾಕಿದ ಜಾಗ ಜೊತೆಗೆ ಹೋದ ದೋಣಿಯವರಿಗೆ ಗೊತ್ತು ಎಂದು ತಡವರಿಸದೆ ಹೇಳಿದಳು. ಆಮೇಲೆ ನನ್ನ ಮುಖ ನೋಡಿದಳು.

“ನಿಮ್ಗೆ ಮೊದ್ಲೇ ಗೊತ್ತಿತ್ತಾ ಕಾಕಾ?”

“ಇಲ್ಲ. ಈಗ ಹೊಳೀತು.”

ಹೊತ್ತು ಮುಳುಗುವಾಗ ನಾಲ್ಕು ಜನ ಸಿಕ್ಕಿದರು. ದೋಣಿ ಮಗುಚಿತ್ತು. ಖಾಲಿ ಎಣ್ಣೆ ಕ್ಯಾನುಗಳನ್ನು ಹಗ್ಗದಿಂದ ಕಟ್ಟಿಕೊಂಡು ತೇಲುತ್ತಿದ್ದರು. ಗಣಪತಿ ಇರಲಿಲ್ಲ. ಮೂರನೆಯ ದಿನ ಸಿಕ್ಕಿದ.

ನಾನು ಅಂದು ಹೇಳಿದ ಸುಳ್ಳು ಊರಿನಲ್ಲಿ ಬೇರೆ ರೂಪ ತಾಳಿತು. ಗುಮಾಸ್ತರು ಲೆಕ್ಕ ಹಾಕಿ ಸಂಖ್ಯೆ ಅದಲುಬದಲಾದದ್ದನ್ನು ಕಂಡುಹಿಡಿದರು, ಅವರಿಂದ ನಾಲ್ಕು ಜೀವ ಉಳಿಯಿತು ಎಂದರು. ಮತ್ತೆ ಅದಲುಬದಲು ಮಾಡಿದವರು ಯಾರು? ಓದಿದವನು ಗಣಪತಿ. ಹಾಗಾದರೆ ಅವನೇ ಉಲ್ಟಾ ಓದಿರಬೇಕು. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ನನ್ನ ನಿವೃತ್ತಿಯ ದಿನ ಸಂಘದವರು ಸನ್ಮಾನ ಮಾಡಿದರು. ಶಾಲು ಹೊದಿಸಲು ಕರೆದದ್ದು ಉಮಾಕಾಂತನನ್ನು. ಅವನು ಶಾಲು ಹೊದಿಸಿ ನನ್ನ ಕಾಲು ಮುಟ್ಟಿದ. ಅಷ್ಟು ಜನರ ಮುಂದೆ ನಾನು ಅವನ ಭುಜ ಹಿಡಿದು ಎತ್ತಿದೆ. ಆಗಲೂ ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ಅಂಕೋಲೆಯ ಬಸ್ ನಿಲ್ದಾಣದಲ್ಲಿ ಗಣಪತಿಯ ಹೆಂಡತಿ ಮಂಗಲಾ ಕಂಡಳು. ಜೊತೆಯಲ್ಲಿ ಐದನೇ ತರಗತಿಯ ಮಗಳು. ಮನೆಯಲ್ಲಿ ಒಂದು ತಾಸು ಲೆಕ್ಕ ಹೇಳಿಕೊಡುತ್ತೀರಾ ಎಂದು ಕೇಳಿದಳು. ಮಗಳಿಗೆ ಗಣಿತದಲ್ಲಿ ಕಡಿಮೆ ಬಂದಿದೆಯಂತೆ. ಅಪ್ಪನ ಹಾಗೇ, ಇವಳ ತಲೆಗೂ ಅಂಕಿ ಹತ್ತುವುದಿಲ್ಲ ಎಂದು ಅತ್ತೆ ಹೇಳುತ್ತಿರುತ್ತಾರಂತೆ. ಮಗು ನೆಲ ನೋಡುತ್ತ ನಿಂತಿತ್ತು. ನನ್ನ ಬಸ್ಸು ಬಂದು ಹೋದದ್ದು ನನಗೆ ತಿಳಿಯಲಿಲ್ಲ.

ಮರುದಿನ ಹಾರವಾಡಕ್ಕೆ ಹೋದೆ. ಮಂಗಲಾ ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಳು. ಅತ್ತೆ ಜಗಲಿಯಲ್ಲಿ ಕೂತಿದ್ದರು. ಒಳಗೆ ಬನ್ನಿ ಎಂದರು, ಹೋಗಲಿಲ್ಲ. ಅಂಗಳದಲ್ಲೇ ನಿಂತು ಎಲ್ಲವನ್ನೂ ಹೇಳಿದೆ, ಸತ್ತೇಚಾಳೀಸ್‌ನಿಂದ ಹಿಡಿದು ಶಾಲಿನ ತನಕ. ಅತ್ತೆ ಕೊಂಕಣಿಯಲ್ಲಿ, ನನ್ನ ಮಗ ಸರಿ ಓದಿದ್ದನೇ ಎಂದು ಎರಡು ಸಲ ಕೇಳಿದರು. ಸರಿ ಓದಿದ್ದ, ಹಾಗೆಂದು ಬರೆಯುತ್ತೇನೆ ಎಂದೆ. ಆಮೇಲೆ ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು.

ಮಂಗಲಾ ಅಳಲಿಲ್ಲ. ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟು, “ಫೋನ್ ಬಂದಿದ್ದು ಎಷ್ಟೊತ್ತಿಗೆ?” ಎಂದಳು.

“ಮೂರು ದಾಟಿತ್ತು.”

“ನೀವು ಹೇಳಿದ್ದು?”

“ಐದು ದಾಟಿದ ಮೇಲೆ.”

ಭಾವ ಒಂದು ಮಾತು ಹೇಳಿದ್ದಾರೆ, ಅದನ್ನು ಊರಿಗೆ ಹೇಳಿಲ್ಲ ಎಂದಳು. ಉಮಾಕಾಂತನ ಪಕ್ಕದಲ್ಲೇ ಗಣಪತಿ ಹಗ್ಗ ಹಿಡಿದುಕೊಂಡಿದ್ದನಂತೆ. ಕೈ ಮರಗಟ್ಟಿದೆ ಎನ್ನುತ್ತಿದ್ದನಂತೆ. ಅವನ ಕೈ ಬಿಟ್ಟುಹೋಗಿ ಅರ್ಧ ತಾಸಿಗೆ ಹುಡುಕುವವರ ಬೋಟು ಕಂಡಿತಂತೆ.

“ನಿಮ್ಗೆ ಲೆಕ್ಕ ಬತ್ತದಲ್ಲ,” ಎಂದಳು. “ನೀವೇ ಹೇಳಿ. ಮೂರಕ್ಕೇ ಹೇಳಿದ್ರೆ ಅವರು ಇರ್ತಿದ್ರಾ?”

ಗಾಳಿ ಎಷ್ಟಿತ್ತೋ, ಬೋಟು ಸಿದ್ಧವಿತ್ತೋ ಇಲ್ಲವೋ, ಮೊದಲು ಹೊರಟರೂ ಹುಡುಕಲು ಎಷ್ಟು ಹೊತ್ತಾಗುತ್ತಿತ್ತೋ ಎಂಬ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಎರಡು ವರ್ಷದಿಂದ ಅವುಗಳನ್ನು ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಅವಳ ಮುಂದೆ ಒಂದೂ ಹೊರಡಲಿಲ್ಲ.

“ಇರ್ತಿದ್ದ,” ಎಂದೆ.

“ಅವ್ರು ಸರಿ ಓದಿದ್ರು ಅಂತ ಬರೀತೆ ಅಂದ್ರಲ್ಲ. ಇದನ್ನೂ ಬರೀರಿ.”

ಅವಳು ಮತ್ತೆ ಮೀನಿನ ಮುಂದೆ ಕೂತಳು. ಮಗಳಿಗೆ ಲೆಕ್ಕ ಹೇಳಿಕೊಡುವ ಮಾತು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಬರೆದಿದ್ದೇನೆ. ಆ ದಿನ ಮೂರು ಗಂಟೆಗೆ ನಾನು ಬಾಯಿ ಬಿಟ್ಟಿದ್ದರೆ ಗಣಪತಿ ಬದುಕಿರುತ್ತಿದ್ದ.